ಮ್ಯಾಟ್ರಿಜೆಲ್ ವಿಮರ್ಶೆ: ಗಡ್ಡೆಯ ಹೊಸ್ತಿಲು ಹೌದು, ಅಂಗಳ ಅಲ್ಲ

ಕ್ಯಾನ್ಸರ್ ಗಡ್ಡೆಯ ಸುತ್ತಲಿನ ಪರಿಸರವನ್ನು ಅಭ್ಯಾಸ ಮಾಡುವ ಪ್ರಯೋಗಾಲಯಗಳಲ್ಲಿ ಕಾರ್ನಿಂಗ್ ಕಂಪನಿಯ ಮ್ಯಾಟ್ರಿಜೆಲ್ ಇಲ್ಲದ ಫ್ರೀಜರ್ ಅಪರೂಪ. ಜೀವಕೋಶಗಳನ್ನು ಚಪ್ಪಟೆ ಪ್ಲಾಸ್ಟಿಕ್ ಮೇಲಲ್ಲದೆ ಮೆತ್ತನೆಯ ಜೆಲ್‌ನಲ್ಲಿ ಬೆಳೆಸಲು ಇದು ಬೇಕು. ವಸ್ತು ನಿಜಕ್ಕೂ ಒಳ್ಳೆಯದು. ಆದರೆ ‘ಇದು ಗಡ್ಡೆಯ ಪರಿಸರ’ ಎಂದು ನಂಬಿ ಕೊಂಡವರು ತಪ್ಪು ಉತ್ತರ ಪಡೆಯುತ್ತಾರೆ.

ಎಂಗೆಲ್‌ಬ್ರೆತ್-ಹೋಲ್ಮ್-ಸ್ವಾರ್ಮ್ ಎಂಬ ಇಲಿಯ ಸಾರ್ಕೋಮಾ ಗಡ್ಡೆಯಿಂದ ತೆಗೆದ ಸಾರ ಇದು. ಇದರ ಪ್ರೋಟೀನ್‌ಗಳಲ್ಲಿ ಸುಮಾರು 60% ಲ್ಯಾಮಿನಿನ್, 30% ನಾಲ್ಕನೇ ಬಗೆಯ ಕೊಲಾಜೆನ್, 8% ಎಂಟ್ಯಾಕ್ಟಿನ್, ಉಳಿದದ್ದರಲ್ಲಿ ಪರ್ಲಿಕಾನ್ ಮತ್ತು ಬೆಳವಣಿಗೆ ಅಂಶಗಳು (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್‌ಗಳು). ಅಂದರೆ ಅಂಗಗಳ ಒಳಹೊರ ಮೈಯನ್ನು ಹೊದಿಸುವ ಎಪಿಥೀಲಿಯಂ ಕೋಶಗಳ ಅಡಿಯಲ್ಲಿರುವ ತಳಪೊರೆಯ ಸಾಮಗ್ರಿ. ಶೀರ್ಷಿಕೆಯ ಹೊಸ್ತಿಲು ಇದೇ. ಜೀವಕೋಶ ವಿಜ್ಞಾನಿ ಮಿನಾ ಬಿಸೆಲ್ ಅವರ ಗುಂಪು 1997ರಲ್ಲಿ ತೋರಿಸಿದ್ದು ಇಂಥ ಜೆಲ್‌ನೊಳಗೇ: ಕೋಶ ಸುತ್ತಲಿನ ಜಾಲವನ್ನು ಹಿಡಿಯಲು ಬಳಸುವ ಬೀಟಾ-1 ಇಂಟೆಗ್ರಿನ್ ಎಂಬ ಪ್ರೋಟೀನ್ ಅನ್ನು ಆ್ಯಂಟಿಬಾಡಿಯಿಂದ ತಡೆದಾಗ, ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಸ್ತನ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಂತೆ ಅಚ್ಚುಕಟ್ಟಾದ ಗುಂಡು ರಚನೆ ಕಟ್ಟಿದವು. ಜೀನ್‌ಗಳಲ್ಲಿನ ದೋಷ ಇದ್ದಂತೆಯೇ ಇತ್ತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಈ ಬದಲಾವಣೆ ಕಣ್ಣಿಗೇ ಬೀಳದು. ಈ ಕೆಲಸಕ್ಕೆ ಮ್ಯಾಟ್ರಿಜೆಲ್‌ಗೆ ಪೂರ್ಣ ಅಂಕ.

ಬಳಕೆಯಲ್ಲಿ ತಾಳ್ಮೆ ಬೇಡುವ ವಸ್ತು. 10 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಹಾಗಾಗಿ ಬಾಟಲಿಯನ್ನು ಐಸ್‌ನಲ್ಲಿ ಹೂತು, ಫ್ರಿಜ್‌ನ ಹಿಂಬದಿಯಲ್ಲಿ ರಾತ್ರಿಯಿಡೀ ಇಟ್ಟು ಕರಗಿಸಬೇಕು. ಫ್ರಿಜ್ ಬಾಗಿಲಿನ ತಟ್ಟೆ ಬೇಡ, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಶಾಖ ಏರುತ್ತದೆ. ಟಿಪ್, ಟ್ಯೂಬ್, ತಟ್ಟೆ ಎಲ್ಲವೂ ಮೊದಲೇ ತಣ್ಣಗಿರಲಿ. ಬೆರೆಸುವಾಗ ಮೆಲ್ಲಗೆ ತಿರುಗಿಸಿ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸಿದರೆ ಗುಳ್ಳೆ ಏಳುತ್ತವೆ, ಮೈಕ್ರೋಸ್ಕೋಪಿನಲ್ಲಿ ಅವು ಕೋಶಗಳನ್ನೇ ಮರೆಮಾಡುತ್ತವೆ. ಮೊದಲ ಸಲ ಕರಗಿದ ದಿನವೇ ಚಿಕ್ಕ ಪಾಲುಗಳಾಗಿ ಹಂಚಿ -20 ಡಿಗ್ರಿಯಲ್ಲಿಡಿ. ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಇದಕ್ಕೆ ಆಗಿಬರದು, ಅದರ ಶಾಖದ ಏರಿಳಿತ ಜೆಲ್ ಕಟ್ಟುವ ಗುಣವನ್ನೇ ಕೆಡಿಸುತ್ತದೆ. ಬಾಟಲಿಯಿಂದ ಬಾಟಲಿಗೆ ಬಣ್ಣ ಹುಲ್ಲು ಹಳದಿಯಿಂದ ಕಡುಗೆಂಪಿನವರೆಗೆ ಬದಲಾದರೆ ಗಾಬರಿ ಬೇಡ: ಅದು ಜೆಲ್‌ನಲ್ಲಿರುವ ಫಿನಾಲ್ ರೆಡ್ ಎಂಬ ಬಣ್ಣಸೂಚಕ ಇಂಗಾಲದ ಡೈಆಕ್ಸೈಡ್‌ಗೆ ಸ್ಪಂದಿಸುವ ರೀತಿ ಅಷ್ಟೆ.

ದಪ್ಪ ಜೆಲ್‌ಗೆ ಚದರ ಸೆಂಟಿಮೀಟರ್‌ಗೆ 150ರಿಂದ 200 ಮೈಕ್ರೋಲೀಟರ್, ತೆಳುವಾದ ಹಾಸಿಗೆ ಸುಮಾರು 50. ನಂತರ 37 ಡಿಗ್ರಿಯಲ್ಲಿ 30 ನಿಮಿಷ. ಮಿಲಿಲೀಟರ್‌ಗೆ 3 ಮಿಲಿಗ್ರಾಂಗಿಂತ ತೆಳುವಾಗಿಸಿದರೆ ಗಟ್ಟಿ ಜೆಲ್ ನಿರೀಕ್ಷಿಸಬೇಡಿ. ಕೋಶಗಳನ್ನು ಗುಮ್ಮಟದಂಥ ಹನಿಯೊಳಗೆ ಬೆಳೆಸುವಾಗ, ಹನಿ ಗಟ್ಟಿಯಾಗುವವರೆಗೆ ತಟ್ಟೆಯನ್ನು ತಲೆಕೆಳಗು ಮಾಡಿ ಇನ್‌ಕ್ಯುಬೇಟರ್‌ನಲ್ಲಿಡಿ. ಇಲ್ಲದಿದ್ದರೆ ಕೋಶಗಳು ತಳಕ್ಕಿಳಿದು ಪ್ಲಾಸ್ಟಿಕ್ ಮೇಲೆ ಹರಡಿಕೊಳ್ಳುತ್ತವೆ, ಮೂರು ಆಯಾಮದ ಪ್ರಯೋಗ ಸದ್ದಿಲ್ಲದೆ ಎರಡು ಆಯಾಮದ್ದಾಗಿಬಿಡುತ್ತದೆ.

ಕೋಶಗಳ ನುಸುಳುವಿಕೆ ಅಳೆಯಲು 8 ಮೈಕ್ರೋಮೀಟರ್ ರಂಧ್ರಗಳ ಇನ್ಸರ್ಟ್‌ಗೆ (ತಟ್ಟೆಯ ಕುಳಿಯೊಳಗೆ ಕೂರುವ ಜರಡಿ ತಳದ ಬಟ್ಟಲು) ಮಿಲಿಲೀಟರ್‌ಗೆ ಸುಮಾರು 0.3 ಮಿಲಿಗ್ರಾಂ ಇರುವ ದ್ರಾವಣ ಸಾಕು. 24 ಕುಳಿಯ ತಟ್ಟೆಯ ಇನ್ಸರ್ಟ್‌ಗೆ 100 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ 2 ಗಂಟೆ. ಮೂಲ ಸಾಂದ್ರತೆ ಮಿಲಿಲೀಟರ್‌ಗೆ 10 ಮಿಲಿಗ್ರಾಂ ಇದ್ದರೆ 30 ಮೈಕ್ರೋಲೀಟರ್ ಮ್ಯಾಟ್ರಿಜೆಲ್‌ಗೆ 970 ಮೈಕ್ರೋಲೀಟರ್ ಬಫರ್. ಮೂಲ ಸಾಂದ್ರತೆ 8ರಿಂದ 12ರವರೆಗೆ ಲಾಟ್‌ಗೊಂದರಂತೆ (ಲಾಟ್ ಎಂದರೆ ಒಮ್ಮೆಗೆ ತಯಾರಾದ ಕಂತು) ಇರುವುದರಿಂದ ಪ್ರತಿ ಸಲ ಲೆಕ್ಕ ಹೊಸದಾಗಿ ಹಾಕಿ. ಲೇಪನವಿಲ್ಲದ ಇನ್ಸರ್ಟ್ ಪಕ್ಕದಲ್ಲಿರಲೇಬೇಕು, ಅದಿಲ್ಲದೆ ಬರೀ ಚಲನೆ ಯಾವುದು, ಪೊರೆ ಕೊರೆದದ್ದು ಯಾವುದು ಎಂದು ಬೇರ್ಪಡಿಸಲಾಗದು.

ಇಲ್ಲಿಯವರೆಗಿನದು ಹೊಸ್ತಿಲ ಮಾತು. ಹೊಸ್ತಿಲು ದಾಟಿದ ಕ್ಯಾನ್ಸರ್ ಕೋಶ ಕಾಲಿಡುವ ಅಂಗಳವೇ ಬೇರೆ. ಅಲ್ಲಿ ಒಂದನೇ ಬಗೆಯ ಕೊಲಾಜೆನ್ ನಾರು, ಫೈಬ್ರೊನೆಕ್ಟಿನ್, ಹಯಲುರಾನ್, ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶ, ಪ್ರತಿರಕ್ಷಣಾ ಕೋಶ, ರಕ್ತನಾಳ ಇವೆ. ಇವುಗಳಲ್ಲಿ ಯಾವುದೂ ಮ್ಯಾಟ್ರಿಜೆಲ್‌ನ ಮುಖ್ಯ ಅಂಶವಲ್ಲ. ಬಿಗಿತವೂ ಹೊಂದದು: ಈ ಜೆಲ್ ಕೆಲವು ನೂರು ಪ್ಯಾಸ್ಕಲ್, ಸ್ತನದ ಗಡ್ಡೆ ಸಾವಿರಗಳಲ್ಲಿ. ಬಿಗಿತ ಹೆಚ್ಚಿದಂತೆ ಕೋಶಗಳ ವರ್ತನೆಯೇ ಬದಲಾಗುವುದರಿಂದ ಇದು ಸಣ್ಣ ಕೊರತೆಯಲ್ಲ.

ಇನ್ನೂ ದೊಡ್ಡ ತೊಡಕು ಟಿಜಿಎಫ್-ಬೀಟಾ. ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸಿ ಗಡ್ಡೆಯ ಪರ ನಿಲ್ಲಿಸುವ ಸಂಕೇತವೇ ಇದು, ಮತ್ತು ಅದು ಜೆಲ್‌ನೊಳಗೇ ಇದೆ. ಬೆಳವಣಿಗೆ ಅಂಶ ತಗ್ಗಿಸಿದ ಮ್ಯಾಟ್ರಿಜೆಲ್ ಕೊಂಡರೂ ಇಜಿಎಫ್‌ನಂಥ ಬೆಳವಣಿಗೆ ಅಂಶಗಳು ಇಳಿದಷ್ಟು ಇದು ಇಳಿಯದು, ಏಕೆಂದರೆ ಜೆಲ್‌ನ ಪ್ರೋಟೀನ್ ಜಾಲಕ್ಕೇ ಅಂಟಿಕೊಂಡಿರುತ್ತದೆ. ಫೈಬ್ರೋಬ್ಲಾಸ್ಟ್ ಕೆರಳಿದ್ದು ಕ್ಯಾನ್ಸರ್ ಕೋಶದಿಂದಲೋ ಬಾಟಲಿಯಿಂದಲೋ ಎಂದು ಹೇಳಬೇಕಾದರೆ, ಕ್ಯಾನ್ಸರ್ ಕೋಶಗಳಿಲ್ಲದೆ ಜೆಲ್‌ನಲ್ಲಿ ಬರೀ ಫೈಬ್ರೋಬ್ಲಾಸ್ಟ್ ಇಟ್ಟ ಹೋಲಿಕೆ ಕಡ್ಡಾಯ. ಕೋಶ ತಾನೇ ಹೆಣೆದ ಲ್ಯಾಮಿನಿನ್ ನೋಡಬೇಕೆನ್ನುವವರಿಗೂ ಇದೇ ಕಷ್ಟ: ಇಡೀ ಜೆಲ್ ಲ್ಯಾಮಿನಿನ್ ಆಗಿರುವಾಗ ಅದನ್ನು ಗುರುತಿಸುವ ಆ್ಯಂಟಿಬಾಡಿ ಎಲ್ಲೆಲ್ಲೂ ಹೊಳೆಯುತ್ತದೆ.

ಆದ್ದರಿಂದ ಅಂಗಳದ ಪ್ರಶ್ನೆಗೆ ರ‍್ಯಾಟ್-ಟೇಲ್ ಕೊಲಾಜೆನ್ (ಇಲಿಯ ಬಾಲದಿಂದ ತೆಗೆದ ಒಂದನೇ ಬಗೆಯದು) ಬಳಸಿ, ಅಥವಾ ಎರಡನ್ನೂ ಬೆರೆಸಿ. ಕೊಲಾಜೆನ್ ಆಮ್ಲದಲ್ಲಿ ಬರುತ್ತದೆ. ಐಸ್ ಮೇಲೆಯೇ ಪಿಎಚ್ 7.4ಕ್ಕೆ ತಂದ ನಂತರವಷ್ಟೇ ಮ್ಯಾಟ್ರಿಜೆಲ್ ಸೇರಿಸಿ. ಕಡಿಮೆ ಶಾಖದಲ್ಲಿ ನಿಧಾನವಾಗಿ ಗಟ್ಟಿಯಾದರೆ ನಾರು ದಪ್ಪ, ಸಂದು ಅಗಲ. ಬಿಸಿಯಲ್ಲಿ ಬೇಗ ಗಟ್ಟಿಯಾದರೆ ನಾರು ಸಣ್ಣ. ಫೈಬ್ರೋಬ್ಲಾಸ್ಟ್‌ಗಳು ಈ ಜೆಲ್ ಅನ್ನು ಎಳೆದು ಕುಗ್ಗಿಸುತ್ತವೆ, ಅಂಚು ತಟ್ಟೆಯಿಂದ ಕಿತ್ತುಬರುವುದುಂಟು.

ಕೊಳ್ಳುವವರಿಗೆ: ಒಂದು ಅಧ್ಯಯನಕ್ಕೆ ಬೇಕಾದಷ್ಟನ್ನು ಒಂದೇ ಲಾಟ್‌ನಿಂದ ಕಾಯ್ದಿರಿಸಿ. ಮೊದಲು ಒಂದೇ ಬಾಟಲಿ ತರಿಸಿ ಎಂಸಿಎಫ್-10ಎ ಎಂಬ, ಕ್ಯಾನ್ಸರ್ ಅಲ್ಲದ ಸ್ತನ ಕೋಶಗಳನ್ನು 2% ಮ್ಯಾಟ್ರಿಜೆಲ್ ಬೆರೆತ ಮಾಧ್ಯಮದಲ್ಲಿ ಜೆಲ್ ಹಾಸಿನ ಮೇಲೆ ಬೆಳೆಸಿ, ನಾಲ್ಕು ದಿನಕ್ಕೊಮ್ಮೆ ಮಾಧ್ಯಮ ಬದಲಿಸಿ ನೋಡಿ. ಎರಡು ಮೂರು ವಾರಗಳಲ್ಲಿ ಒಳಗೆ ಟೊಳ್ಳಾದ ದುಂಡು ಗೋಲಗಳು ಬಾರದಿದ್ದರೆ ಆ ಲಾಟ್ ಬೇಡ.