ಗ್ರೇವಿಗಿಂತ ಪಲ್ಯಕ್ಕೆ ಒಪ್ಪುವ ಪನೀರ್

ನಮ್ಮ ಬಡಾವಣೆಯ ಹಾಲಿನ ಬೂತಿನಲ್ಲಿ ಸಿಗುವ 200 ಗ್ರಾಂ ಪನೀರ್ ಪ್ಯಾಕೆಟ್ಟನ್ನು ಹಲವು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ವಾರ ಕೊಳ್ಳುತ್ತಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ನನ್ನ ದೂರು ಅದೊಂದಕ್ಕೇ ಸೀಮಿತವಲ್ಲ. ಚೌಕಾಕಾರವಾಗಿ ಹೆಚ್ಚಿದ ತುಂಡುಗಳು ಗ್ರೇವಿಯಲ್ಲಿ ಹತ್ತು ನಿಮಿಷ ಕುದಿಯುವಷ್ಟರಲ್ಲಿ ರಬ್ಬರಿನಂತಾಗುತ್ತವೆ; ಹೊರಗೆ ಮಸಾಲೆ ಎಷ್ಟೇ ಖಾರವಾಗಿದ್ದರೂ ಒಳಗೆ ಅಪ್ಪಟ ಸಪ್ಪೆ.

ಕಾಯಿಸಿದ ಹಾಲನ್ನು ಹುಳಿ ಹಾಕಿ ಒಡೆಸಿ ಮಾಡುವುದರಿಂದ ಪನೀರ್ ಪಿಜ್ಜಾದ ಚೀಸಿನ ಹಾಗೆ ಕರಗುವುದಿಲ್ಲ. ಶಾಖ ತಾಗಿದಷ್ಟೂ ಅದರ ಪ್ರೋಟೀನು ಬಿಗಿದುಕೊಂಡು ಒಳಗಿನ ನೀರನ್ನು ಹೊರಹಾಕುತ್ತದೆ. ನಿಯಮದಂತೆ ಸಾಮಾನ್ಯ ಪನೀರಿನಲ್ಲಿ ನೀರಿನಂಶ ಶೇ. 60ನ್ನು ಮೀರಬಾರದು, ನೀರು ಬಿಟ್ಟು ಉಳಿದ ಅಂಶದಲ್ಲಿ ಅರ್ಧದಷ್ಟಾದರೂ ಹಾಲಿನ ಕೊಬ್ಬಿರಬೇಕು. ಮೆತ್ತಗಿರುವುದಕ್ಕೆ ಈ ಕೊಬ್ಬೇ ಬಹುಪಾಲು ಕಾರಣ. ಆದ್ದರಿಂದಲೇ ಕಡಿಮೆ ಕೊಬ್ಬಿನ ಪ್ಯಾಕೆಟ್ಟನ್ನು ನಾನು ಮತ್ತೆ ಮುಟ್ಟಿಲ್ಲ. ತುಂಡುಗಳನ್ನು ಎಣ್ಣೆಯಲ್ಲಿ ಬಾಡಿಸದೆ, ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಲೆ ಆರಿಸುವ ಮುನ್ನ ಗ್ರೇವಿಗೆ ಸೇರಿಸಿದರೆ ಕೊಂಚ ಸುಧಾರಿಸುತ್ತದೆ. ಅಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಮೇಲೂ ಅದು ಗ್ರೇವಿಯೊಂದಿಗೆ ಬೆರೆಯದೆ ಬೇರೆಯೇ ನಿಲ್ಲುತ್ತದೆ.

ನನ್ನ ಸಿಟ್ಟು ಇಳಿದದ್ದು ಇದೇ ಪನೀರನ್ನು ಮೆಂತ್ಯ ಸೊಪ್ಪಿನ ಪಲ್ಯಕ್ಕೆ ಹಾಕತೊಡಗಿದ ಮೇಲೆ. ಸಾಸಿವೆ, ಉದ್ದಿನಬೇಳೆ, ಮುರಿದ ಬ್ಯಾಡಗಿ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆಗೆ ಸೊಪ್ಪು ಹಾಕಿ, ಅದು ಬಿಟ್ಟ ನೀರೆಲ್ಲ ಇಂಗಿ ಬಾಣಲೆಯ ತಳದಲ್ಲಿ ಚುರುಚುರು ಸದ್ದು ಕೇಳಿದಾಗ ಉಪ್ಪು ಹಾಕಿ ಉರಿ ಆರಿಸುತ್ತೇನೆ. ಆಮೇಲೆ ಪನೀರನ್ನು ಬೆರಳುಗಳ ನಡುವೆ ಹಿಸುಕಿ, ರವೆಗಿಂತ ತುಸು ದಪ್ಪಗೆ ಉದುರಿಸಿ, ಬಾಣಲೆಯ ಬಿಸಿಯಲ್ಲಷ್ಟೇ ಕಲಸುತ್ತೇನೆ. ಉದುರಿದ ಕಾಳುಗಳು ಬೆಳ್ಳುಳ್ಳಿಯ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು ಅಲ್ಲಲ್ಲಿ ಹಸಿರಾಗುತ್ತವೆ. ಮೆಂತ್ಯದ ಕಹಿ ಮುರಿಯಲು ತೆಂಗಿನತುರಿಯೊಂದಿಗೆ ಚಿಟಿಕೆ ಬೆಲ್ಲ ಹಾಕುವುದು ನಮ್ಮ ಮನೆಯ ರೂಢಿ. ಪನೀರ್ ಇದ್ದ ದಿನ ಹಾಲಿನ ಸವಿಯೇ ಆ ಕೆಲಸ ಮಾಡುವುದರಿಂದ ಬೆಲ್ಲ ಬೇಕಾಗುವುದಿಲ್ಲ. ಗ್ರೇವಿಯಲ್ಲಿ ದೋಷವೆನಿಸಿದ ಸಪ್ಪೆತನ ಇಲ್ಲಿ ಗುಣವಾಗುತ್ತದೆ. ಪನೀರ್ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ ನಮ್ಮ ಅತ್ತೆಯವರು ಜೋಳದ ರೊಟ್ಟಿಗೆ ಈ ಪಲ್ಯವನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಮನೆಯಲ್ಲೇ ಮಾಡಬಾರದೇ ಎಂದು ಕೇಳುವವರಿದ್ದಾರೆ. ಒಂದು ಲೀಟರ್ ಕೆನೆಭರಿತ ಹಾಲಿಗೆ ಸುಮಾರು 200 ಗ್ರಾಂ ಪನೀರ್ ಸಿಗುತ್ತದೆ. ಖರ್ಚೂ ಕಡಿಮೆ, ಬಸಿದ ನೀರು ಚಪಾತಿ ಹಿಟ್ಟು ಕಲಸಲೂ ಆಗುತ್ತದೆ. ಆದರೆ ಕಚೇರಿಗೆ ಹೊರಡುವ ಬೆಳಗಿನಲ್ಲಿ ಬಟ್ಟೆಗೆ ಕಟ್ಟಿ, ಭಾರ ಹೇರಿ ಕಾಯುವ ವ್ಯವಧಾನ ನನಗಿಲ್ಲ. ಅದಕ್ಕಾಗಿ ಕೊಡುವ ಹೆಚ್ಚಿನ ದುಡ್ಡಿನ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಪೊಟ್ಟಣದ ಬಗ್ಗೆ. ಒಮ್ಮೆ ಕತ್ತರಿಸಿದರೆ ಮತ್ತೆ ಮುಚ್ಚಲು ಬರುವುದಿಲ್ಲ. ಮೂವರ ಸಂಸಾರದಲ್ಲಿ ಅರ್ಧ ಉಳಿದೇ ಉಳಿಯುತ್ತದೆ. ಸ್ಟೀಲ್ ಡಬ್ಬಿಯ ನೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸುತ್ತಾ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಹುಳಿಯುವುದಿಲ್ಲ. ಅದಕ್ಕೂ ಮೀರಿದರೆ ಫ್ರೀಜರಿಗೆ ಹಾಕುತ್ತೇನೆ. ಹೆಪ್ಪುಗಟ್ಟಿ ಕರಗಿದ ಪನೀರ್ ಪುಡಿಪುಡಿಯಾಗುತ್ತದೆ ಎಂದು ಗ್ರೇವಿ ಮಾಡುವವರು ದೂರುತ್ತಾರೆ. ಹೇಗೂ ಹಿಸುಕುವ ನನಗೆ ಅದರಿಂದ ಬೆರಳಿನ ಕೆಲಸ ಉಳಿಯುತ್ತದೆ, ಕರಗಿದಾಗ ಬಿಟ್ಟ ನೀರನ್ನು ಹಿಂಡಿ ತೆಗೆದರಾಯಿತು.