ಇಂಚು ಟೇಪು ಹಿಡಿದು ವಿಮಾನ ಹತ್ತಿದವನ ವಿಮರ್ಶೆ

ನಮ್ಮದು ದಾವಣಗೆರೆಯ ಮಂಡಿಪೇಟೆ ಹತ್ತಿರ ಬಟ್ಟೆ ಅಂಗಡಿ. ಮಾಲು ತರೋಕೆ ಸೂರತ್, ದೆಹಲಿ, ಕೋಲ್ಕತ್ತಾ ಅಂತ ವರ್ಷಕ್ಕೆ ಐದಾರು ಸಲ ವಿಮಾನ ಹತ್ತುತ್ತೇನೆ. ಮಗಳು ಜರ್ಮನಿಯಲ್ಲಿದ್ದಾಳೆ, ಹಾಗಾಗಿ ದೂರದ ಪ್ರಯಾಣವೂ ನಾಲ್ಕು ಸಲ ಆಗಿದೆ. 2016ರಿಂದ ಇಲ್ಲಿವರೆಗೆ ಎಕಾನಮಿ, ಕಾಲಿಗೆ ಜಾಸ್ತಿ ಜಾಗ ಇರೋ ಸೀಟು, ಪ್ರೀಮಿಯಂ ಎಕಾನಮಿ, ಬಿಸಿನೆಸ್ ಎಲ್ಲದರಲ್ಲೂ ಕೂತಿದ್ದೇನೆ. ಎತ್ತರ ಐದು ಅಡಿ ಹನ್ನೊಂದು ಇಂಚು. ತೂಕ ಕೇಳಬೇಡಿ. ಬಲಗಾಲಿನ ಮಂಡಿ ಸವೆದಿದೆ.

ಬೆಂಗಳೂರಿನವರು ಬರೆಯೋ ಸೀಟಿನ ವಿಮರ್ಶೆ ನಮ್ಮ ಕಡೆಯವರಿಗೆ ಪೂರ್ತಿ ಹೊಂದಲ್ಲ. ಅವರು ಮನೆಯಿಂದ ತಾಜಾ ಆಗಿ ಬಂದು ಕೂರುತ್ತಾರೆ. ನಾವು ಚಿತ್ರದುರ್ಗ, ಹಿರಿಯೂರು, ಶಿರಾ ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಮುಟ್ಟೋ ಹೊತ್ತಿಗೆ ಸೊಂಟ ಆಗಲೇ ಐದು ಗಂಟೆ ಕಾರಿನಲ್ಲಿ ಕೂತು ದಣಿದಿರುತ್ತೆ. ವಿಮಾನದ ಸೀಟಿಗೆ ಸಿಗೋದು ಅರ್ಧ ಸೋತ ಬೆನ್ನು.

ಈಗ ಟೇಪಿನ ವಿಷಯ. ಅಂಗಡಿ ಟೇಪು ಜೇಬಲ್ಲಿ ಉಳಿದುಹೋಗೋದು ನಮಗೆ ಮಾಮೂಲಿ. ಒಂದು ಸಲ ದೆಹಲಿ ವಿಮಾನದಲ್ಲಿ ಮಂಡಿ ಮುಂದಿನ ಸೀಟಿಗೆ ಒತ್ತಿಕೊಂಡಿತ್ತು. ಸಿಟ್ಟಿಗೆ ಟೇಪು ತೆಗೆದು ಅಳೆದೆ. ಪಕ್ಕದವರು ವಿಚಿತ್ರವಾಗಿ ನೋಡಿದರು. ಆಮೇಲೆ ಅವರೇ, "ಯಜಮಾನ್ರೇ, ನನ್ ಕಡೇನೂ ಒಂದ್ ಸಲ ಅಳೀರಿ" ಅಂದರು!

ಕಂಪನಿಯವರು ಹೇಳೋ "ಪಿಚ್" ಅಂದರೆ ಕಾಲಿಗೆ ಸಿಗೋ ಜಾಗ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ನಿಮ್ಮ ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರೋ ದೂರ ಅದು. ಅದರೊಳಗೆ ಸೀಟಿನ ಬೆನ್ನಿನ ದಪ್ಪವೂ ಸೇರಿರುತ್ತೆ. ಕಡಿಮೆ ದರದ ವಿಮಾನಗಳಲ್ಲಿ ಪಿಚ್ ಸಾಮಾನ್ಯವಾಗಿ 28-29 ಇಂಚು. ನನ್ನ ಬೆನ್ನಿನಿಂದ ಮಂಡಿ ಚಿಪ್ಪಿನ ತನಕ 25 ಇಂಚು. 28ರಲ್ಲಿ ಸೀಟಿನ ಬೆನ್ನು 3 ಇಂಚು ತಿಂದರೆ ಉಳಿಯೋದು 25. ಲೆಕ್ಕ ಚುಕ್ತಾ, ಬಾಕಿ ಸೊನ್ನೆ.

ಅದಕ್ಕೇ ಈಗ ತೆಳು ಬೆನ್ನಿನ ಸೀಟು ಬಂದಿವೆ. ಮಂಡಿ ಬರೋ ಕಡೆ ಒಳಕ್ಕೆ ಸ್ವಲ್ಪ ಕೆತ್ತಿರುತ್ತಾರೆ, ಪತ್ರಿಕೆ ಇಡೋ ಜೇಬನ್ನು ಮೇಲಕ್ಕೆ ಸರಿಸಿರುತ್ತಾರೆ. ಮಂಡಿಗೆ ನಿಜವಾಗ್ಲೂ ಪರವಾಗಿಲ್ಲ. ಆದರೆ ಸ್ಪಂಜು ತೆಳು. ಮೊದಲ ಗಂಟೆ ಏನೂ ಗೊತ್ತಾಗಲ್ಲ. ಎರಡನೇ ಗಂಟೆಗೆ ಬಾಲದ ಮೂಳೆ ಮಾತಾಡೋಕೆ ಶುರು ಮಾಡುತ್ತೆ. ಇನ್ನೊಂದಿಷ್ಟು ಸ್ಪಂಜು ಹಾಕಿದ್ರೆ ಇವರ ಗಂಟೇನು ಹೋಗುತ್ತೆ ಅಂತ ಬೈದುಕೊಂಡಿದ್ದೆ. ಸುಮ್ನೆ ಅಲ್ಲ ಅಂತ ಆಮೇಲೆ ತಿಳಿಯಿತು. ಪ್ರತಿ ಸೀಟಲ್ಲಿ ಒಂದೊಂದು ಕಿಲೋ ಜಾಸ್ತಿ ಆದರೂ 180 ಸೀಟಿನ ವಿಮಾನಕ್ಕೆ 180 ಕಿಲೋ, ಅದಕ್ಕೆ ದಿನಾ ಇಂಧನ ಸುಡಬೇಕು. ಅಮೆರಿಕದಲ್ಲಿ 1988ರಲ್ಲಿ ಬಂದ ನಿಯಮದ ಪ್ರಕಾರ ಹೊಸ ವಿನ್ಯಾಸದ ವಿಮಾನದ ಸೀಟು ಗುರುತ್ವದ 16 ಪಟ್ಟು ಬಲದ ಹೊಡೆತ ತಡೀಬೇಕು. ಸ್ಪಂಜಿಗೆ ಬೆಂಕಿ ಬೇಗ ಹತ್ತಬಾರದು. ಇಷ್ಟೆಲ್ಲ ಷರತ್ತು ಇಟ್ಟುಕೊಂಡು ಹಗುರವಾಗಿ ಮಾಡಬೇಕು ಅಂದರೆ ಸೋಫಾ ಆಗಲ್ಲ, ಒಪ್ಪಿದೆ. ಆದರೂ ನನ್ನ ಮೂಳೆ ಒಪ್ಪಿಲ್ಲ.

ಎಲ್ಲರೂ ಉದ್ದದ ಬಗ್ಗೆ ಮಾತಾಡ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಕಾಡೋದು ಅಗಲ. ಏರ್‌ಬಸ್ 320ರಲ್ಲಿ ಸೀಟಿನ ಅಗಲ ಸುಮಾರು 18 ಇಂಚು, ಬೋಯಿಂಗ್ 737ರಲ್ಲಿ ಸುಮಾರು 17. ಎರಡರಲ್ಲೂ ಸಾಲಿಗೆ ಆರು ಜನ, ಆದರೆ 737ರ ಒಡಲೇ ಸಣ್ಣದು. ಒಂದಿಂಚು ಏನು ಮಹಾ ಅಂತೀರಾ? ರವಿಕೆಯಲ್ಲಿ ಒಂದಿಂಚು ಕಮ್ಮಿ ಮಾಡಿ ನೋಡಿ, ಗಿರಾಕಿ ಅಂಗಡಿಗೆ ವಾಪಸ್ ಬರ್ತಾರೆ, ಜಗಳಕ್ಕೆ. ಮೂರು ಜನ ಗಂಡಸರು ಪಕ್ಕಪಕ್ಕ ಕೂತರೆ ತಾಗೋದು ಸೊಂಟ ಅಲ್ಲ, ಭುಜ. ನಡುವಿನವನು ಇಡೀ ದಾರಿ ಕೈ ಕಟ್ಟಿಕೊಂಡು ಹೆಡ್ ಮಾಸ್ಟರ್ ಎದುರು ಕೂತ ಹುಡುಗನ ಥರ ಇರಬೇಕು.

ದೊಡ್ಡ ವಿಮಾನದಲ್ಲಿ ಆರಾಮ ಅಂತ ಅಂದುಕೊಂಡಿದ್ದೆ. ಬೋಯಿಂಗ್ 777ರ ಎಕಾನಮಿಯಲ್ಲಿ ಮೊದಲು ಹೆಚ್ಚಿನ ಕಂಪನಿಗಳು ಸಾಲಿಗೆ ಒಂಬತ್ತು ಸೀಟು ಹಾಕಿದ್ದವು, ಈಗ ಬಹಳ ಕಡೆ ಹತ್ತು. 787ರಲ್ಲೂ ಎಂಟು ಹಾಕಬಹುದಿತ್ತು, ಬಹುತೇಕ ಎಲ್ಲರೂ ಒಂಬತ್ತು ಹಾಕಿದ್ದಾರೆ. ಪನ್ನ, ಅಂದರೆ ಬಟ್ಟೆಯ ಅಗಲ, ಅಷ್ಟೇ; ಕಟಿಂಗ್ ಜಾಸ್ತಿ. ನಾವು ಹಾಗೆ ಕತ್ತರಿಸಿದ್ರೆ ಕಳ್ಳ ವ್ಯಾಪಾರ ಅಂತಾರೆ, ಅಲ್ವಾ? 787ರ ಪರವಾಗಿ ಒಂದು ಮಾತು ಹೇಳಲೇಬೇಕು. ಅದರ ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದ ಜಾಗದಷ್ಟು ಇಡ್ತಾರೆ, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗುತ್ತೆ. ಇಳಿದಾಗ ತಲೆ ಭಾರ ಕಮ್ಮಿ ಅನ್ನಿಸಿದ್ದು ನಿಜ. ನನ್ನವಳು ಮಾತ್ರ ಅದು ನಿಮ್ಮ ಭ್ರಮೆ ಅಂತಾಳೆ.

ದುಡ್ಡು ಕೊಟ್ಟು ಮೋಸ ಹೋದದ್ದೂ ಇದೆ. ಒಂದು ಕಂಪನಿಯಲ್ಲಿ ಕಿಟಕಿ ಸೀಟಿಗೆ ಅಂತಲೇ ಜಾಸ್ತಿ ಕಟ್ಟಿ ಕೂತರೆ ಪಕ್ಕದಲ್ಲಿ ಕಿಟಕಿಯೇ ಇಲ್ಲ, ಬರೀ ಗೋಡೆ. 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ, ಎಡಗಡೆ ಗೋಡೆಯೊಳಗೆ ಏಸಿ ಗಾಳಿಯ ಕೊಳವೆ ಹೋಗುತ್ತೆ, ಅದಕ್ಕೇ ಅಲ್ಲಿ ಕಿಟಕಿ ಇಡಲ್ಲ. ಗಗನಸಖಿಯನ್ನು ಕೇಳಿದೆ, ನಕ್ಕು "ಸಾರಿ ಸರ್" ಅಂದರು. ದೂರು ಬರೆದೆ. ಉತ್ತರ ಬಂತು, ದುಡ್ಡು ಬರಲಿಲ್ಲ. ಬುಕ್ ಮಾಡುವಾಗ ತೋರಿಸೋ ನಕ್ಷೆಯಲ್ಲಿ ಒಂದು ಗುರುತು ಹಾಕೋಕೆ ಏನು ಕಷ್ಟ?

ತುರ್ತು ಬಾಗಿಲಿನ ಸಾಲು ನನ್ನ ಅಚ್ಚುಮೆಚ್ಚು. ಸಾವಿರ ಚಿಲ್ಲರೆ ಜಾಸ್ತಿ ಆದರೂ ಮಂಡಿ ಚಾಚಬಹುದು. ಅಂಥ ಸಾಲು ಎರಡು ಇದ್ದರೆ ಹಿಂದಿನದನ್ನು ತಗೊಳ್ಳಿ. ಮುಂದಿನ ಸಾಲಿನ ಬೆನ್ನು ಸಾಮಾನ್ಯವಾಗಿ ಹಿಂದಕ್ಕೆ ವಾಲಲ್ಲ, ವಾಲಿದರೆ ಬಾಗಿಲಿನ ದಾರಿಗೆ ಅಡ್ಡ. ಎಲ್ಲಕ್ಕಿಂತ ಮುಂದಿನ, ಗೋಡೆ ಎದುರಿನ ಸಾಲು ನೋಡೋಕೆ ಚೆನ್ನ. ಆದರೆ ಅಲ್ಲಿ ಊಟ ಇಡೋ ತಟ್ಟೆ ಸೀಟಿನ ಕೈಹಿಡಿಯ ಒಳಗೆ ಮಡಚಿರುತ್ತೆ, ಹಾಗಾಗಿ ಸೀಟಿನ ಅಗಲ ಕಮ್ಮಿ. ಕೈಹಿಡಿ ಮೇಲಕ್ಕೆ ಎತ್ತೋಕೂ ಆಗಲ್ಲ. ನನ್ನಂಥ ಮೈಕಟ್ಟಿನವರಿಗೆ ಬೇಡ.

ಹುಬ್ಬಳ್ಳಿ, ಶಿವಮೊಗ್ಗದ ಕಡೆಯ ಎಟಿಆರ್ ಅನ್ನೋ ಸಣ್ಣ ವಿಮಾನಗಳಲ್ಲಿ ಎರಡೆರಡೇ ಸೀಟು, ನಡುವಿನ ಸೀಟೇ ಇಲ್ಲ. ಗಂಟೆ ಒಳಗಿನ ಹಾರಾಟ, ದೂರು ಇಲ್ಲ.

ಬಿಸಿನೆಸ್ ಕ್ಲಾಸ್ ಕಥೆ ಬೇರೆ. 2023ರಲ್ಲಿ ಅವ್ವನನ್ನ ಮೊಮ್ಮಗಳ ಮನೆಗೆ ಕರ್ಕೊಂಡು ಹೋದೆ. ಹೋಗುವಾಗ ಪ್ರೀಮಿಯಂ ಎಕಾನಮಿ. ಪಿಚ್ 38 ಇಂಚು, ಕಾಲಿಗೆ ಆಸರೆ, ಅಗಲವೂ ಇನ್ನೊಂದಿಂಚು ಜಾಸ್ತಿ. ನನಗೆ ಅಷ್ಟು ಸಾಕಾಗಿತ್ತು. ಅವ್ವ ಕುಳ್ಳಿ, ಕಾಲಿನ ಆಸರೆ ಅವಳ ಮೀನಖಂಡಕ್ಕೆ ಬಾರದೆ ಹಿಮ್ಮಡಿಗೆ ಒತ್ತುತ್ತಿತ್ತು. ನಾನು ಒಂದು ದಿಂಬು ಮಡಚಿ ಕಾಲಡಿ ಇಟ್ಟೆ. ಸೀಟು ಮಾಡೋರು ಯಾರನ್ನ ಕೂರಿಸಿ ಅಳತೆ ತಗೋತಾರೋ ಗೊತ್ತಿಲ್ಲ, ನಮ್ಮ ಅವ್ವಂದಿರನ್ನಂತೂ ಅಲ್ಲ.

ವಾಪಸ್ ಬರುವಾಗ ಅವ್ವನ ಮಂಡಿ ಊದಿತ್ತು. ಇಬ್ಬರಿಗೂ ಬಿಸಿನೆಸ್‌ಗೆ ಬದಲಾಯಿಸಿದೆ, ತಲೆಗೆ 70 ಸಾವಿರ ಜಾಸ್ತಿ ಬಿತ್ತು. ಗುಂಡಿ ಒತ್ತಿದರೆ ಸೀಟು ಮಂಚ ಆಯಿತು. ಅವ್ವ ಸೆರಗು ಮುಖಕ್ಕೆ ಎಳ್ಕೊಂಡು, "ಲೇ ತಮ್ಮಾ, ಚಲೋ ಐತಲೋ. ಆದ್ರ ಈ ದುಡ್ಡಿಗೆ ಒಂದ್ ಒಳ್ಳೇ ಎಮ್ಮಿ ಬರ್ತಿತ್ತು" ಅಂದವಳು ಐದು ಗಂಟೆ ಎದ್ದೇ ಇಲ್ಲ. ನನಗೆ ಅಷ್ಟು ನಿದ್ದೆ ಬರಲಿಲ್ಲ. ಮಲಗಿದಾಗ ಪಾದ ಮುಂದಿನ ಸೀಟಿನ ಪಕ್ಕದ ಒಂದು ಗೂಡಿನೊಳಗೆ ಹೋಗುತ್ತೆ. ಉದ್ದ ಕಾಲಿನವರಿಗೆ ಆ ಗೂಡು ಇಕ್ಕಟ್ಟು, ಮಗ್ಗುಲು ಬದಲಾಯಿಸಿದಾಗೆಲ್ಲ ಹೆಬ್ಬೆರಳು ತಗುಲುತ್ತಿತ್ತು.

ದೇಶದೊಳಗೆ ಬಿಸಿನೆಸ್ ಅಂದರೆ ಹೆಚ್ಚಿನ ಕಡೆ ಅಗಲದ ಆರಾಮ ಕುರ್ಚಿ ಅಷ್ಟೇ, ಮಂಚ ಅಲ್ಲ. ದೆಹಲಿಗೆ ಕಾಲು ಕಮ್ಮಿ ಮೂರು ಗಂಟೆ ಅಂತಾರಲ್ಲ, ಅಷ್ಟಕ್ಕೆ ನಾನು ಕೊಡಲ್ಲ. ಅದಕ್ಕಿಂತ ದಾವಣಗೆರೆಯಲ್ಲಿ ನಿಲ್ಲೋ ವಂದೇ ಭಾರತ್‌ನಲ್ಲಿ ಎಕ್ಸಿಕ್ಯೂಟಿವ್ ಸೀಟು ಹಿಡಿದು ಬೆಂಗಳೂರು ಮುಟ್ಟಿ, ಬೆನ್ನು ಉಳಿಸಿಕೊಂಡು ವಿಮಾನದಲ್ಲಿ ಎಕಾನಮಿಯಲ್ಲೇ ಕೂರುತ್ತೇನೆ. ಇಡೀ ಪ್ರಯಾಣಕ್ಕೆ ಆ ಲೆಕ್ಕವೇ ಅಗ್ಗ ಬೀಳುತ್ತೆ, ಸಮಯ ಹೊಂದಿದರೆ.

ಮುಂದಿನ ತಿಂಗಳು ಸೂರತ್. ಏರ್‌ಬಸ್ 320, ತುರ್ತು ಬಾಗಿಲಿನ ಹಿಂದಿನ ಸಾಲು, ದಾರಿ ಪಕ್ಕದ ಸೀಟು ಸಿಕ್ಕಿದೆ. ಕೊನೇ ಗಳಿಗೆಯಲ್ಲಿ ವಿಮಾನ ಬದಲಾಯಿಸದಿದ್ದರೆ.