ಕರೆಂಟ್ ಹೋದ್ರೂ ಗುಳ್ಳೆ ಬಿಡೋ ಏರ್ ಪಂಪು: ಒಂದೂವರೆ ಬೇಸಿಗೆ ಬಳಸಿ ನೋಡಿದ್ಮೇಲೆ

ಮೀನಿನ ಟ್ಯಾಂಕಿಗೆ ಗಾಳಿ ಕೊಡೋ, ಬ್ಯಾಟರಿ ಇರೋ ಏರ್ ಪಂಪು, ಕರೆಂಟ್ ಇದ್ದಾಗ ಅದರಲ್ಲೇ ಓಡಿ ಹೋದ ತಕ್ಷಣ ತಾನೇ ಬ್ಯಾಟರಿಗೆ ಬದಲಾಗೋದು, 1,350 ರೂಪಾಯಿ. 2024ರ ಮೇ ತಿಂಗಳಲ್ಲಿ ತಗೊಂಡೆ. ಬ್ರ್ಯಾಂಡ್ ಹೆಸರು ಬರೆಯಲ್ಲ, ಯಾಕಂದ್ರೆ ಇದೇ ಡಬ್ಬ ನಾಲ್ಕೈದು ಬೇರೆ ಬೇರೆ ಹೆಸರಲ್ಲಿ ಬರುತ್ತೆ, ಒಳಗಿರೋ ಮಾಲು ಒಂದೇ, ಮೇಲಿನ ಸ್ಟಿಕ್ಕರ್ ಮಾತ್ರ ಬೇರೆ. ಬಿಳಿ ಪ್ಲಾಸ್ಟಿಕ್, ಅಂಗೈ ಅಷ್ಟಗಲ, ಎರಡು ಪೈಪ್ ಬಾಯಿ, ಮುಂದೆ ಒಂದೇ ಒಂದು ಬಟನ್ನು.

ಯಾಕೆ ತಗೊಂಡೆ ಅನ್ನೋದು ಮೊದ್ಲು ಹೇಳ್ಬೇಕು. ನಮ್ದು ದಾವಣಗೆರೆ, ಮನೆ ಮೊದಲ್ನೇ ಮಹಡಿ, ಮೇಲೆ ಬರೀ ಆರ್‌ಸಿಸಿ, ಬೇಸಿಗೇಲಿ ರಾತ್ರಿ ಹನ್ನೊಂದಾದ್ರೂ ಗೋಡೆ ಮುಟ್ಟಿದ್ರೆ ಬಿಸಿ. ಹಾಲಲ್ಲಿ ಮೂರಡಿ ಟ್ಯಾಂಕು, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ, ಕಲ್ಲು ಗಿಲ್ಲು ಕಳೆದು 110 ಲೀಟರ್ ನೀರು ಹಿಡಿಯುತ್ತೆ. ಆವಾಗ ಅದ್ರಲ್ಲಿ ನಾಲ್ಕು ದೊಡ್ಡ ಏಂಜಲ್, ಎರಡು ಗೌರಾಮಿ, ಆರೇಳು ಮೊಲ್ಲಿ, ಒಂದು ಸಕ್ಕರ್ ಇದ್ವು. ಜಾಸ್ತಿನೇ, ಗೊತ್ತು, ಬೈಬೇಡಿ. ಹರಿಹರದಲ್ಲಿ ಸಂಬಂಧಿಕರ ಮದ್ವೆ ಇತ್ತು, ಮಧ್ಯಾಹ್ನನೇ ಮನೆ ಬೀಗ ಹಾಕಿ ಎಲ್ಲಾರೂ ಹೋದ್ವಿ, ಸಂಜೆ ಏಳಕ್ಕೆ ಗಾಳಿ ಮಳೆ ಬಂದು ನಮ್ ಬೀದಿ ತುದೀಲಿ ಕೊಂಬೆ ಮುರ್ಕೊಂಡು ವೈರ್ ಮೇಲೆ ಬಿತ್ತಂತೆ, ಕರೆಂಟ್ ವಾಪಸ್ ಬಂದಿದ್ದು ಮಾರನೇ ದಿನ ಹನ್ನೊಂದಕ್ಕೆ. ಹದಿನಾರು ಗಂಟೆ. ಹೊರಗೆ ಮಳೆ ಬಂದು ತಂಪಾಗಿತ್ತು ನಿಜ, ಆದ್ರೆ ಕಿಟಕಿ ಎಲ್ಲಾ ಮುಚ್ಚಿದ ಮನೆ, ಟ್ಯಾಂಕಿನ ಥರ್ಮಾಮೀಟರ್ 32 ತೋರಿಸ್ತಿತ್ತು. ಬಾಗ್ಲು ತೆಗ್ದಾಗ ನಾಲ್ಕೂ ಏಂಜಲ್ ಮಗ್ಗುಲಾಗಿ ಬಿದ್ದಿದ್ವು, ಮೊಲ್ಲಿ ಎರಡು ಉಳಿದಿದ್ವು. ಗೌರಾಮಿಗಳು ಮಾತ್ರ ಏನೂ ಆಗಿಲ್ಲ ಅನ್ನೋ ಹಂಗೆ ಮೂತಿ ಮೇಲೆತ್ಕೊಂಡು ನಿಂತಿದ್ವು, ಸಕ್ಕರ್ ಮೂಲೇಲಿ ಗಾಜಿಗೆ ಅಂಟ್ಕೊಂಡಿತ್ತು.

ಈ ಉಳಿದ ಪಟ್ಟಿ ನೋಡಿದ್ರೇ ಕಾರಣ ಗೊತ್ತಾಗುತ್ತೆ. ಗೌರಾಮಿ, ಬೆಟ್ಟಾ ಇವಕ್ಕೆಲ್ಲ ತಲೇಲಿ ಇನ್ನೊಂದು ಉಸಿರಾಟದ ಅಂಗ ಇದೆ, ಮೇಲೆ ಬಂದು ನೇರ ಗಾಳೀನೇ ನುಂಗ್ತವೆ, ಸಕ್ಕರ್ ಕೂಡ ತೀರಾ ಕಷ್ಟ ಬಂದ್ರೆ ಗಾಳಿ ನುಂಗಿ ತಡ್ಕೊಳುತ್ತೆ. ಏಂಜಲ್‌ಗೆ ಆ ದಾರಿ ಇಲ್ಲ. ಅಂದ್ರೆ ನನ್ನ ಮೀನು ಸತ್ತಿದ್ದು ಬರೀ ಸೆಖೆಗಲ್ಲ, ಉಸಿರು ಕಟ್ಟಿ. ನೀರು 25 ಡಿಗ್ರಿ ಇದ್ದಾಗ ಲೀಟರ್‌ಗೆ ಹೆಚ್ಚಂದ್ರೆ ಎಂಟು ಮಿಲಿಗ್ರಾಂ ಚಿಲ್ಲರೆ ಆಕ್ಸಿಜನ್ ಹಿಡಿಯುತ್ತೆ, 33ಕ್ಕೆ ಬಂದ್ರೆ ಏಳರ ಆಸುಪಾಸು. ಇಷ್ಟೇನಾ ವ್ಯತ್ಯಾಸ ಅನ್ಸುತ್ತೆ, ನಂಗೂ ಅನ್ಸಿತ್ತು, ಆದ್ರೆ ಬಿಸಿ ನೀರಲ್ಲಿ ಮೀನಿಗೆ ಬೇಕಾಗೋ ಆಕ್ಸಿಜನ್ನೇ ಜಾಸ್ತಿ ಆಗುತ್ತೆ, ಫಿಲ್ಟರ್‌ನಲ್ಲಿದ್ದು ನೀರಿನ ಕೊಳೆ ಕಳೆಯೋ ಬ್ಯಾಕ್ಟೀರಿಯಾಕ್ಕೂ ಬೇಕು, ಲೈಟ್ ಇಲ್ದೆ ಇದ್ರೆ ಗಿಡಾನೂ ಆಕ್ಸಿಜನ್ ಕೊಡೋದು ಬಿಟ್ಟು ತಾನೇ ತಗೊಳ್ಳೋಕೆ ಶುರು ಮಾಡುತ್ತೆ. ಆದಾಯ ಕಮ್ಮಿ ಆಗಿ ಖರ್ಚು ಜಾಸ್ತಿ ಆದ್ರೆ ಮನೆ ಎಷ್ಟು ದಿನ ನಡೆಯುತ್ತೆ, ಹಂಗೆ.

ಸರಿ ಪಂಪಿಗೆ ಬರೋಣ. ಡಬ್ಬದ ಮೇಲೆ "20 ಗಂಟೆ ಬ್ಯಾಕಪ್" ಅಂತ ದೊಡ್ಡಕ್ಷರದಲ್ಲಿದೆ. ನಂಬ್ಬೇಡಿ. ಹೊಸದಿದ್ದಾಗ ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ಫೋನಲ್ಲಿ ಟೈಮ್ ಹಚ್ಚಿ ಕೂತು ನೋಡಿದೆ, ಸ್ಪೀಡ್ ಕಮ್ಮಿ ಇಟ್ರೆ 13 ಗಂಟೆ, ಜಾಸ್ತಿ ಇಟ್ರೆ ಆರೂವರೆ. ಈ ವರ್ಷ ಮೇನಲ್ಲಿ ಮತ್ತೆ ಅದೇ ಥರ ಟೆಸ್ಟ್ ಮಾಡಿದ್ರೆ ಕಮ್ಮಿ ಸ್ಪೀಡಲ್ಲಿ 9 ಗಂಟೆಗೇ ಸುಸ್ತು. ಲಿಥಿಯಂ ಬ್ಯಾಟರಿ, ವರ್ಷಪೂರ್ತಿ ಚಾರ್ಜಿಗೆ ಹಾಕೇ ಇಟ್ಟಿರ್ತೀವಿ, ಅದೂ ಸೆಖೇಲಿ, ಇಳಿಯದೆ ಏನ್ ಮಾಡುತ್ತೆ. 9 ಗಂಟೆ ಆದ್ರೂ ನಮ್ ಕಡೆ ಕರೆಂಟ್ ಹೋಗೋದಕ್ಕೆ ಬೇಕಾದಷ್ಟಾಯ್ತು, ದಿನಾ ಹೋಗೋದು ಒಂದು ಗಂಟೆ ಎರಡು ಗಂಟೆ, ಆ ಹದಿನಾರು ಗಂಟೆಯಂಥದ್ದು ವರ್ಷಕ್ಕೊಮ್ಮೆ.

ಗುಳ್ಳೆ ವಿಷ್ಯದಲ್ಲಿ ಮೊದಲ ದಿನ ಬೇಜಾರಾಯ್ತು. ಕರೆಂಟಲ್ಲಿ ಓಡೋ ನನ್ನ ಹಳೇ ಪಂಪು ಬುಸಬುಸ ಅಂತ ಬಿಡ್ತಿದ್ದ ಗುಳ್ಳೆ ಎಲ್ಲಿ, ಇದು ಬಿಡೋ ನಾಲ್ಕು ಹನಿ ಎಲ್ಲಿ, ವಾಪಸ್ ಕಳಿಸೋಣ ಅಂತ ಪ್ಯಾಕ್ ಮಾಡೋಕೆ ಹೊರಟಿದ್ದೆ. ಆಮೇಲೆ ಹೊಳೀತು, ಏರ್ ಸ್ಟೋನ್ (ಪೈಪಿನ ತುದೀಲಿ ಗುಳ್ಳೆ ಬಿಡೋ ಸಣ್ಣ ಕಲ್ಲು) ತಳದಲ್ಲಿದೆ, ಒಂದೂವರೆ ಅಡಿ ನೀರಿನ ಭಾರ ತಳ್ಳಿ ಗಾಳಿ ಹೊರಗೆ ಬರಬೇಕು, ಸಣ್ಣ ಮೋಟರ್‌ಗೆ ಅಷ್ಟು ದಮ್ಮಿಲ್ಲ. ಸ್ಟೋನನ್ನ ಮೇಲಿಂದ ಏಳೆಂಟು ಇಂಚಿನಲ್ಲಿ ನೇತಾಡೋ ಹಂಗೆ ರಬ್ಬರ್ ಕಪ್ ಹಚ್ಚಿ ಅಂಟಿಸ್ದೆ, ಗುಳ್ಳೆ ಎರಡರಷ್ಟಾಯ್ತು, ಸದ್ದೂ ಇಳೀತು. ಗುಳ್ಳೆ ನೀರಲ್ಲಿ ಇದ್ದಷ್ಟು ಹೊತ್ತಿನಲ್ಲಿ ಕರಗೋ ಆಕ್ಸಿಜನ್ ಸ್ವಲ್ಪಾನೇ, ನಿಜವಾದ ಕೆಲಸ ಆಗೋದು ಮೇಲೆ ಬಂದು ಒಡೆದು ನೀರು ಅಲುಗಾಡ್ತದಲ್ಲ ಅಲ್ಲಿ. ಮೇಲಿನ ನೀರು ಕದಲ್ತಾ ಕೆಳಗಿಂದು ಮೇಲೆ ಬರ್ತಾ ಇದ್ರೆ ಸಾಕು.

ಇನ್ನೊಂದು ಬದಲಾವಣೆ ಮಾಡ್ದೆ, ಅದನ್ನ ಎಲ್ಲಾರಿಗೂ ಹೇಳ್ತೀನಿ. ಎರಡನೇ ಬಾಯಿಯಿಂದ ಪೈಪ್ ಎಳೆದು ಒಂದು ಸ್ಪಾಂಜ್ ಫಿಲ್ಟರ್‌ಗೆ ಕೊಟ್ಟೆ. ನೂರೈವತ್ತು ರೂಪಾಯಿ ಕೊಟ್ರೆ ಸಿಗುತ್ತೆ, ಗಾಳಿ ಮೇಲೇಳುವಾಗ ನೀರನ್ನ ಸ್ಪಾಂಜ್ ಮೂಲಕ ಎಳ್ಕೊಳ್ಳುತ್ತೆ ಅಷ್ಟೆ, ಬೇರೆ ಮೋಟರಿಲ್ಲ. ಕರೆಂಟ್ ಇಲ್ಲದಾಗ್ಲೂ ಬ್ಯಾಕ್ಟೀರಿಯಾ ಬದುಕಿರ್ತವೆ. ಹೊರಗಡೆ ಇಡೋ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇಟ್ಕೊಂಡಿರೋರು ಹುಷಾರು, ಅದರೊಳಗೆ ನಿಂತ ನೀರಲ್ಲಿ ನಾಲ್ಕೈದು ಗಂಟೆ ಆದ್ಮೇಲೆ ಆಕ್ಸಿಜನ್ ಖಾಲಿಯಾಗಿ ಕೊಳೆಯೋಕೆ ಶುರುವಾಗಿರುತ್ತೆ, ಕರೆಂಟ್ ಬಂದ ಕೂಡ್ಲೆ ಆ ಕೊಳಕೆಲ್ಲ ಟ್ಯಾಂಕಿಗೇ ವಾಪಸ್ ಬರುತ್ತೆ. ಮೊದ್ಲು ಅದರ ನೀರು ಚೆಲ್ಲಿ ಆಮೇಲೆ ಆನ್ ಮಾಡಿ. ಟ್ಯಾಂಕಿನ ಅಂಚಿಗೆ ನೇತಾಕೋ ಫಿಲ್ಟರ್ ಇದ್ರೆ ಕರೆಂಟ್ ಬಂದ್ಮೇಲೆ ನೀರು ಎತ್ತುತ್ತಾ ಇದೆಯಾ ಒಣಗಿ ಓಡ್ತಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಈಗ ಈ ಪಂಪಿನ ದೊಡ್ಡ ಕಿರಿಕಿರಿ. ಇದರ ಬುದ್ಧಿ ಎಷ್ಟು ಅಂದ್ರೆ, ಪ್ಲಗ್‌ನಲ್ಲಿ ಕರೆಂಟ್ ಇದೆಯೋ ಇಲ್ವೋ ಅಷ್ಟೇ ಅದಕ್ಕೆ ಗೊತ್ತಾಗೋದು. ಯಾರಾದ್ರೂ ಸ್ವಿಚ್ ಆಫ್ ಮಾಡಿದ್ರೂ ಅದು ಕರೆಂಟ್ ಹೋಯ್ತು ಅಂತಲೇ ತಿಳ್ಕೊಳ್ಳುತ್ತೆ. ನಮ್ ಅವ್ವಂಗೆ ರಾತ್ರಿ ಮಲಗೋ ಮುಂಚೆ ಮನೇಲಿರೋ ಅಷ್ಟೂ ಸ್ವಿಚ್ ಆಫ್ ಮಾಡ್ಕೊಂಡು ಬರೋ ಅಭ್ಯಾಸ, ಟಿವಿ, ಮಿಕ್ಸಿ, ಚಾರ್ಜರ್, ಜೊತೆಗೆ ಇದೂನೂ. ಆಫ್ ಮಾಡಿದ್ರೂ ಪಂಪು ಓಡ್ತಾನೇ ಇರುತ್ತಲ್ಲ, ಹಂಗಾಗಿ ನಮಗ್ಯಾರಿಗೂ ಗೊತ್ತಾಗಿಲ್ಲ. ರಾತ್ರಿ ಎಲ್ಲಾ ಬ್ಯಾಟರೀಲಿ ಓಡಿ, ಬೆಳಿಗ್ಗೆ ನಿಜವಾಗ್ಲೂ ಕರೆಂಟ್ ಹೋದಾಗ ಅರ್ಧ ಗಂಟೆಗೆ ಕೊರ್ರ್ ಅಂತ ಸದ್ದು ಮಾಡಿ ನಿಂತೇಹೋಯ್ತು. ನಾನು ಪಂಪೇ ಡಬ್ಬಾ ಅಂತ ಮಾರಿದೋರಿಗೆ ಫೋನ್ ಹಚ್ಚಿ ಕೂಗಾಡಿ ಇಟ್ಟೆ. ಎರಡು ದಿನ ಆದ್ಮೇಲೆ ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡ್ತೀನಿ, ಸ್ವಿಚ್ ಆಫ್.

"ಅವ್ವ, ಇದನ್ಯಾಕೆ ಆಫ್ ಮಾಡ್ತೀಯ?"

"ಆಫ್ ಮಾಡಿದ್ರೂ ಓಡ್ತದಲ್ಲೋ, ಮತ್ಯಾಕೆ ಸುಮ್ನೆ ಕರೆಂಟ್ ಸುಡಬೇಕು?"

ಉತ್ತರ ಇರಲಿಲ್ಲ ನನ್ ಹತ್ರ. ಅವಳ ಲೆಕ್ಕ ಸರಿಯಾಗೇ ಇತ್ತು. ಈಗ ಆ ಸ್ವಿಚ್ ಮೇಲೆ ಬಿಳಿ ಟೇಪ್ ಅಂಟಿಸಿದೀನಿ. ಆದ್ರೆ ತಪ್ಪು ಪಂಪಿಂದೂ ಇದೆ, ಚಾರ್ಜ್ ಎಷ್ಟಿದೆ ಅಂತ ತೋರಿಸೋ ಲೈಟೇ ಇಲ್ಲ, ಚಾರ್ಜ್ ಆಗುವಾಗ ಕೆಂಪು, ತುಂಬಿದ್ರೆ ಹಸಿರು, ಬ್ಯಾಟರೀಲಿ ಓಡುವಾಗ ಏನೂ ಇಲ್ಲ. ಒಂದು ಸಣ್ಣ ನೀಲಿ ಲೈಟ್ ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತೋ. ಇದಕ್ಕೇ ಒಂದು ಸ್ಟಾರ್ ಕಟ್.

ಡಬ್ಬದಲ್ಲಿ ಕೊಡಬೇಕಾಗಿದ್ದ ಇನ್ನೊಂದು ವಸ್ತು ನಾನ್ ರಿಟರ್ನ್ ವಾಲ್ವು. ಕೊಟ್ಟಿಲ್ಲ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದು ಬ್ಯಾಟರಿ ಖಾಲಿಯಾಗಿ ನಿಂತ್ರೆ, ನೀರು ಪೈಪಲ್ಲಿ ಹಿಂದಕ್ಕೆ ಬಂದು ಪಂಪೊಳಗೆ ಇಳಿದು, ಅಲ್ಲಿಂದ ಸ್ವಿಚ್‌ಬೋರ್ಡಿಗೂ ಹೋಗ್ಬಹುದು. ಅಂಗಡೀಲಿ ಇಪ್ಪತ್ತು ರೂಪಾಯಿ, ಪೈಪ್ ಮಧ್ಯೆ ಕತ್ತರಿಸಿ ಸಿಕ್ಕಿಸೋದು, ಬಾಣದ ಗುರುತು ಟ್ಯಾಂಕ್ ಕಡೆ ಇರ್ಬೇಕು. ಇಲ್ಲಾಂದ್ರೆ ಪಂಪನ್ನೇ ಟ್ಯಾಂಕಿಗಿಂತ ಮೇಲೆ ಮೊಳೆಗೆ ನೇತಾಕಿ. ನಾನು ಎರಡೂ ಮಾಡಿದೀನಿ, ಒಮ್ಮೆ ಪೆಟ್ಟು ತಿಂದೋನು ನಾನು.

ಎಲ್ಲಾರೂ ಕೇಳೋ ಪ್ರಶ್ನೆ, ಮನೇಲಿ ಯುಪಿಎಸ್ ಇದೆಯಲ್ಲ ಇದ್ಯಾಕೆ ಬೇಕು ಅಂತ. ಯುಪಿಎಸ್ ಲೈನಲ್ಲಿ ಟ್ಯಾಂಕಿನ ಪ್ಲಗ್ ಇದ್ರೆ, ಬ್ಯಾಟರಿ ಚೆನ್ನಾಗಿದ್ರೆ, ನಿಜವಾಗ್ಲೂ ಇದು ಬೇಡ, ಏರ್ ಪಂಪು ತಿನ್ನೋದು ಮೂರು ನಾಲ್ಕು ವ್ಯಾಟು, ಒಂದು ಫ್ಯಾನ್ ತಿನ್ನೋದರ ಹತ್ತನೇ ಒಂದು ಭಾಗಾನೂ ಇಲ್ಲ. ಆದ್ರೆ ಅದೇ ಲೈನಲ್ಲಿ ಮೂರು ಫ್ಯಾನು, ಟಿವಿ ಎಲ್ಲಾ ಇರುತ್ತಲ್ಲ, ಸೆಖೇಲಿ ಯಾರೂ ಮೀನಿಗೋಸ್ಕರ ಫ್ಯಾನ್ ಆಫ್ ಮಾಡಲ್ಲ. ನಮ್ ಯುಪಿಎಸ್ ಬ್ಯಾಟರಿ ಹಳೇದು, ಎರಡು ಗಂಟೆಗೆ ಕೀಂ ಕೀಂ ಅನ್ನುತ್ತೆ. ಅದಕ್ಕೆ ಈಗ ಈ ಪಂಪನ್ನ ಯುಪಿಎಸ್ ಲೈನಿಗೇ ಹಾಕಿದೀನಿ, ಮೊದಲೆರಡು ಗಂಟೆ ಯುಪಿಎಸ್ ಮೇಲೆ ಓಡುತ್ತೆ, ಅದು ಕೈಕೊಟ್ಟ ಮೇಲೆ ಪಂಪಿನ ಸ್ವಂತ ಬ್ಯಾಟರಿ ಶುರು. ಸ್ಕ್ವೇರ್ ವೇವ್ ಯುಪಿಎಸ್ (ಮೇನ್ ಲೈನಿನಷ್ಟು ನಯವಾದ ಕರೆಂಟ್ ಕೊಡದೇ ಇರೋದು) ಇರೋರಿಗೆ ಒಂದು ಮಾತು, ಹಳೇ ಮಾದರಿ ಏರ್ ಪಂಪು, ಫಿಲ್ಟರ್ ಮೋಟರ್ ಅದರಲ್ಲಿ ಗುಂಯ್ ಅಂತ ಸದ್ದು ಮಾಡಿ ಬಿಸಿ ಆಗ್ತವೆ, ಕೈಯಿಟ್ಟು ನೋಡ್ತಿರಿ.

ಇದಕ್ಕೂ ಮುಂಚೆ ಬೇರೆ ಎರಡು ನೋಡಿದ್ದೆ. ಟಾರ್ಚಿನ ದಪ್ಪ ಸೆಲ್ ಹಾಕೋ ಪಂಪು, ಮೀನು ತರೋಕೆ ಹೋಗೋರು ಇಟ್ಕೊಳ್ಳೋದು, ಕೆಲಸ ಮಾಡುತ್ತೆ, ಆದ್ರೆ ನಾವು ಮನೇಲಿದ್ದು ಆನ್ ಮಾಡ್ಬೇಕು, ನಮ್ ಕಥೆಗೆ ಉಪಯೋಗ ಇಲ್ಲ. ಇನ್ನೊಂದು ಯುಎಸ್‌ಬಿ ಪಂಪು, ಮುನ್ನೂರು ರೂಪಾಯಿ ಒಳಗೇ, ಪವರ್ ಬ್ಯಾಂಕಿಗೆ ಹಾಕಿದ್ರೆ ಓಡುತ್ತೆ, ತೀರಾ ಕಮ್ಮಿ ಕರೆಂಟ್ ಎಳೆಯುತ್ತೆ ಅನ್ನೋ ಕಾರಣಕ್ಕೆ ಕೆಲವು ಪವರ್ ಬ್ಯಾಂಕ್ ಯಾವ್ದೂ ಕನೆಕ್ಟ್ ಆಗಿಲ್ಲ ಅಂದ್ಕೊಂಡು ತಾವೇ ಆಫ್ ಆಗ್ಬಿಡ್ತವೆ, ನಂದು ಹಂಗೇ ಆಯ್ತು. ಮನೇಲಿ ಯಾವಾಗ್ಲೂ ಜನ ಇರೋರಿಗೆ, ದುಡ್ಡು ಕಮ್ಮಿ ಇರೋರಿಗೆ ಇದೇ ಸಾಕು, ತಗೊಳ್ಳೋ ಮುಂಚೆ ನಿಮ್ಮ ಪವರ್ ಬ್ಯಾಂಕ್ ಜೊತೆ ಒಂದು ಗಂಟೆ ಓಡಿಸಿ ನೋಡಿ.

ಪಂಪು ಗಾಳಿ ಕೊಡುತ್ತೆ, ತಂಪು ಕೊಡಲ್ಲ, ಅದು ನೆನಪಿರಲಿ. ಕರೆಂಟ್ ಇದ್ದಾಗ ಟ್ಯಾಂಕ್ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ನೀರಿನ ಮೇಲೆ ಬೀಸೋ ಹಂಗೆ ಇಟ್ರೆ ನಮ್ ಮನೇಲಿ ಎರಡು ಡಿಗ್ರಿ ಇಳಿಯುತ್ತೆ, ನೀರು ಆರೋದು ಜಾಸ್ತಿ ಆಗುತ್ತೆ ಅಷ್ಟೆ. ಕರೆಂಟ್ ಇಲ್ಲದಾಗ ಅರ್ಧ ಲೀಟರ್ ಬಾಟ್ಲೀಲಿ ನೀರು ಗಟ್ಟಿ ಮಾಡಿಟ್ಟಿದ್ದು ಒಂದೊಂದೇ ತೇಲಿಬಿಡ್ತೀನಿ, ಐಸ್ ನೇರ ಹಾಕಲ್ಲ, ಒಂದೇ ಸಲ ತಣ್ಣಗಾದ್ರೂ ಮೀನಿಗೆ ಪೆಟ್ಟೇ. ಆವತ್ತು ಊಟಾನೂ ಬಂದ್. ನೀರು ಬದಲಾಯಿಸಿ ಅಂತ ಸಲಹೆ ಕೊಡೋರು ನಮ್ಮೂರಿಗೆ ಬೇಸಿಗೇಲಿ ಬಂದು ನೋಡ್ಲಿ, ನಲ್ಲೀಲಿ ನೀರು ಬಿಡೋ ದಿನ ಹಬ್ಬ ಇದ್ದಂಗೆ, ಬಂದ ನೀರಿಗೂ ಕ್ಲೋರಿನ್ ಕಳೆದೇ ಹಾಕ್ಬೇಕು. ಪಂಪೂ ನಿಂತ್ರೆ ಕೊನೇ ಉಪಾಯ ಚೊಂಬು, ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಮೇಲಿಂದ ಕಾಫಿ ಆರಿಸೋ ಹಂಗೆ ಹುಯ್ಯೋದು, ಹತ್ತು ನಿಮಿಷಕ್ಕೊಮ್ಮೆ. ಈ ಏಪ್ರಿಲ್‌ನಲ್ಲಿ ಒಂದಿನ ಅವ್ವನೇ ಕೂತು ಹುಯ್ದಿದ್ಲು, ನಾನು ಆಫೀಸಿಂದ ಬರೋತನಕ.

ಸದ್ದಿನ ಬಗ್ಗೆ ಹೇಳೋದು ಮರ್ತೆ. ಬರೀ ಟೇಬಲ್ ಮೇಲಿಟ್ರೆ ಡರ್ರ್ ಅನ್ನುತ್ತೆ, ಕೆಳಗೆ ಹಳೇ ಹವಾಯಿ ಚಪ್ಪಲಿ ತುಂಡು ಇಟ್ರೆ ಅರ್ಧಕ್ಕರ್ಧ ಕಮ್ಮಿ. ಮಲಗೋ ರೂಮಲ್ಲಿ ಇಡೋ ಹಂಗಂತೂ ಇಲ್ಲ. ವಾರಂಟಿ ಆರು ತಿಂಗಳು, ನಂಗೆ ಬೇಕಾಗಲಿಲ್ಲ. ಹೋದ್ ತಿಂಗಳು ಪಂಪಿನ ಬಾಯಿ ಹತ್ರ ಪೈಪು ಗಟ್ಟಿಯಾಗಿ ಸೀಳಿತ್ತು, ಎರಡಿಂಚು ಕತ್ತರಿಸಿ ಮತ್ತೆ ಸಿಕ್ಕಿಸ್ದೆ.

ಐದಕ್ಕೆ ಮೂರೂವರೆ. ಅರ್ಧ ಸ್ಟಾರ್ ವಾಲ್ವಿಗೆ ಕಟ್ ಮಾಡಿದೀನಿ. ತಗೊಂಡ್ಮೇಲೆ ಕರೆಂಟ್ ಹೋಗಿದ್ದಕ್ಕೆ ಅಂತ ಒಂದು ಮೀನೂ ಸತ್ತಿಲ್ಲ, ಮತ್ತೆ ಎರಡು ಏಂಜಲ್ ತಂದಿದೀನಿ, ಈ ಸಲ ಎರಡೇ. ಬ್ಯಾಟರಿ ಆರು ಗಂಟೆಗೆ ಇಳಿದ ದಿನ ಪಂಪು ಬಿಚ್ಚಿ ಸೆಲ್ ಬದಲಾಯಿಸೋಕೆ ಆಗುತ್ತಾ ನೋಡ್ಬೇಕು, ಹಿಂದೆ ನಾಲ್ಕು ಸ್ಕ್ರೂ ಇದೆ, ಮೊಬೈಲ್ ರಿಪೇರಿ ಅಂಗಡಿ ಹುಡುಗ "ತಗೊಂಡ್ಬನ್ನಿ ಅಣ್ಣ, ನೋಡೋಣ" ಅಂದಿದಾನೆ.